‘ಹೋಟೆಲ್’ ಅಂತ ಬರ್ದಿದೆ, ರೂಮ್ ಯಾಕೆ ಕೊಡಲ್ಲ?

ಹೋದ ತಿಂಗಳು ಇದೇ ಪುಟದಲ್ಲಿ ಒಂದ್ ಮಾತು ಬರ್ದಿದ್ದೆ, ಫ್ರೆಂಚ್ ಪದಗಳನ್ನ ಇಂಗ್ಲಿಷ್ ಕನ್ನಡಕ ಹಾಕ್ಕೊಂಡು ನೋಡಿದ್ರೆ ಎಡವ್ತೀರಿ, ನಮ್ಮ ಡಿಸಿ ಆಫೀಸು ತಾಲ್ಲೂಕು ಆಫೀಸು ಕಡೆಯಿಂದ ನೋಡಿದ್ರೆ ಬೇಗ ಅರ್ಥ ಆಗತ್ತೆ ಅಂತ. ಅಷ್ಟಕ್ಕೇ ನೋಡಿ, ಪ್ರಶ್ನೆಗಳು ರಾಶಿ ಬಿದ್ವು. ಮೈಸೂರು ಮಂಡ್ಯದವ್ರದ್ದೇ ಜಾಸ್ತಿ, ಮಕ್ಕಳು ಫ್ರಾನ್ಸಿಗೆ ಓದಕ್ಕೆ ಹೋಗ್ತಿದಾರಲ್ಲ ಅದಕ್ಕಿರ್ಬೇಕು. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಗಿಡ್ಡ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಪ್ಯಾಕೇಜ್ ಟೂರಲ್ಲಿ ಲಿಯೋನ್ ಊರಿಗೆ ಹೋಗಿದ್ವಿ. ದೊಡ್ಡ ಅರಮನೆ ಥರ ಬಿಲ್ಡಿಂಗು, ಬೋರ್ಡಲ್ಲಿ ‘ಹೋಟೆಲ್ ಡಿ ವಿಲ್’ ಅಂತಿತ್ತು. ನಮ್ಮವ್ರು ಕಾಫಿ ಸಿಗತ್ತಾ ನೋಡ್ತೀನಿ ಅಂತ ಒಳಗ್ ಹೋದ್ರೆ ಸೆಕ್ಯುರಿಟಿಯವ್ರು ವಾಪಸ್ ಕಳ್ಸಿದ್ರು. ಅಷ್ಟು ದೊಡ್ಡ ಹೋಟೆಲಲ್ಲಿ ಹೀಗಾ? (ನಿವೃತ್ತ ಶಿಕ್ಷಕಿ, ವಿಜಯನಗರ, ಮೈಸೂರು)

ಅಮ್ಮಾ, ನಿಮ್ಮ ಯಜಮಾನ್ರು ಕಾಫಿ ಕೇಳಕ್ಕೆ ಹೋಗಿದ್ದು ಆ ಊರಿನ ನಗರಪಾಲಿಕೆ ಆಫೀಸಿಗೆ! ಅದನ್ನ ‘ಓತೆಲ್ ದ ವೀಲ್’ ಅಂತ ಓದ್ಬೇಕು, ಅಂದ್ರೆ ಊರಿನ ಮನೆ. ಫ್ರೆಂಚಲ್ಲಿ ಓತೆಲ್ ಅನ್ನೋದಕ್ಕೆ ಮೊದಲಿಂದ ದೊಡ್ಡ ಮನೆ, ಬಂದವರಿಗೆ ಆಸರೆ ಕೊಡೋ ಜಾಗ ಅಂತ ಅರ್ಥ. ಶ್ರೀಮಂತರ ಖಾಸಗಿ ಬಂಗಲೆಗೂ ಓತೆಲ್ ಅಂತಾರೆ, ಅಲ್ಲಿ ನಿಮಗೆ ರೂಮ್ ಕೊಡೋರು ಯಾರೂ ಇರಲ್ಲ. ‘ಓತೆಲ್ ದ್ಯೂ’ ಅಂದ್ರೆ ದೇವರ ಮನೆ, ಅದು ಹಳೇ ಕಾಲದ ಆಸ್ಪತ್ರೆ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ತಮಾಷೆ ಏನಂದ್ರೆ ಲಿಯೋನಲ್ಲಿ ನೂರಾರು ವರ್ಷ ಆಸ್ಪತ್ರೆಯಾಗಿದ್ದ ಆ ಓತೆಲ್ ದ್ಯೂ 2010ರಲ್ಲಿ ಮುಚ್ಚಿ, ಈಗ ಅದರೊಳಗೆ ನಿಜವಾದ ಸ್ಟಾರ್ ಹೋಟೆಲೇ ಓಪನ್ ಆಗಿದೆ, ಪದ ಸುತ್ತು ಹೊಡ್ಕೊಂಡು ಮನೆಗ್ ಬಂದ ಹಾಗೆ.

ನಗಕ್ಕೆ ನಮಗೇನ್ ಹಕ್ಕಿದೆ ಬಿಡಿ, ಮೈಸೂರಲ್ಲಿ ‘ಹೋಟ್ಲಿಗೆ ಹೋಗಣ ಬಾ’ ಅಂದ್ರೆ ಯಾರಾದ್ರೂ ಹಾಸಿಗೆ ದಿಂಬು ಕೇಳ್ತಾರಾ, ಮಸಾಲೆ ದೋಸೆ ಅಂತ್ಲೇ ಅರ್ಥ ತಾನೇ.

ಸಣ್ಣ ಊರಲ್ಲಿ ಇದೇ ಆಫೀಸಿಗೆ ‘ಮೇರಿ’ ಅಂತಾರೆ. ಪುದುಚೇರಿಗೆ ಹೋದೋರು ಬೀಚ್ ರೋಡಲ್ಲಿ ಈ ಹೆಸರಿನ ಬಿಳಿ ಕಟ್ಟಡ ನೋಡಿರ್ತೀರ. ಅದರ ಯಜಮಾನ ‘ಮೇರ್’. ಇವರನ್ನ ಬೆಂಗಳೂರು ಮೈಸೂರಿನ ಮೇಯರ್ ಅನ್ಕೊಂಡ್ರೆ ತಪ್ಪು, ಗ್ರಾಮ ಪಂಚಾಯ್ತಿ ಅಧ್ಯಕ್ಷರು ಅನ್ಕೊಳ್ಳಿ, ಆದ್ರೆ 6 ವರ್ಷದ ಅವಧಿ, ಕೈಲಿ ಅಧಿಕಾರಾನೂ ಜಾಸ್ತಿ. ಅವರ ಪಂಚಾಯ್ತಿಗೆ ‘ಕೊಮ್ಯೂನ್’ ಅಂತಾರೆ, ಹೆಸರು ಕೇಳಿ ಕಮ್ಯುನಿಸ್ಟು ಅನ್ಕೋಬೇಡಿ. ದೇಶದಲ್ಲಿ ಹತ್ತಿರ ಹತ್ತಿರ 35 ಸಾವಿರ ಕೊಮ್ಯೂನ್ ಇದಾವೆ. ಜನಸಂಖ್ಯೆ ಲೆಕ್ಕದಲ್ಲಿ ಫ್ರಾನ್ಸು ಕರ್ನಾಟಕ ಹೆಚ್ಚುಕಮ್ಮಿ ಅಕ್ಕಪಕ್ಕ ನಿಲ್ತಾವೆ, ನಮ್ಮಲ್ಲಿ ಗ್ರಾಮ ಪಂಚಾಯ್ತಿ ಸುಮಾರು 6 ಸಾವಿರ, ಈಗ ನೀವೇ ತೂಗಿ ನೋಡಿ. ಅರ್ಧಕ್ಕಿಂತ ಜಾಸ್ತಿ ಕೊಮ್ಯೂನುಗಳಲ್ಲಿ 500 ಜನಾನೂ ಇಲ್ಲ, ಆದ್ರೂ ಪ್ರತಿಯೊಂದಕ್ಕೂ ಒಬ್ಬ ಮೇರ್ ಇರ್ಲೇಬೇಕು.

ನಾನು ಅಲ್ಲಿ ಎರಡು ವರ್ಷ ಇದ್ದಾಗ ಅಂಥ ಒಂದು ಹಳ್ಳಿ ಮದುವೆಗೆ ಹೋಗಿದ್ದೆ. ಅಲ್ಲಿನ ಮೇರ್ ಹಸು ಸಾಕೋ ರೈತರು, ಬೆಳಿಗ್ಗೆ ಹಾಲು ಕರ್ದು ಮಧ್ಯಾಹ್ನ ಕೋಟ್ ಹಾಕ್ಕೊಂಡು ಬಂದಿದ್ರು, ಅದರ ಮೇಲೆ ನೀಲಿ ಬಿಳಿ ಕೆಂಪು ರೇಷ್ಮೆ ಪಟ್ಟಿ ಬಲ ಭುಜದಿಂದ ಎಡ ಸೊಂಟಕ್ಕೆ, ನಮ್ಮ ತಿಥಿಯಲ್ಲಿ ಜನಿವಾರ ಅಪಸವ್ಯ ಮಾಡ್ಕೋತಾರಲ್ಲ ಥೇಟ್ ಹಾಗೆ, ನನಗೆ ಒಂದ್ ಕ್ಷಣ ಏನೇನೋ ಅನ್ಸಿಬಿಡ್ತು. ಮೂಲೆಯಲ್ಲಿ ಮರಿಯಾನ್ ಬೊಂಬೆ, ಅವಳು ಆ ಗಣರಾಜ್ಯದ ‘ತಾಯಿ ಭುವನೇಶ್ವರಿ’ ಅಂದ್ಕೊಳ್ಳಿ. ಬಾಗಿಲು ಹಾರು ಹೊಡ್ದು ಇಟ್ಟಿದ್ರು, ಯಾಕಂದ್ರೆ ಮದುವೆ ಸಾರ್ವಜನಿಕವಾಗಿ ನಡೀಬೇಕು, ಬಾಗಿಲು ಹಾಕೋ ಹಾಗಿಲ್ಲ ಅಂತ ಕಾನೂನು. ಸಿವಿಲ್ ಕೋಡಿಂದ ಗಂಡ ಹೆಂಡ್ತಿ ಒಬ್ಬರಿಗೊಬ್ಬರು ಗೌರವ, ನಿಷ್ಠೆ, ನೆರವು ಕೊಡ್ಬೇಕು ಅನ್ನೋ ಕಲಮುಗಳನ್ನ ಓದಿದ್ರು, ಗಂಡು ಹೆಣ್ಣು ‘ವೀ’, ಅಂದ್ರೆ ಹೌದು, ಅಂದ್ರು, ಸಹಿ ಹಾಕಿದ್ರು, ಮುಗೀತು. ಚರ್ಚು ಆಮೇಲೆ, ಬೇಕಿದ್ದೋರಿಗೆ ಮಾತ್ರ. ಮೇರಿಯಲ್ಲಿ ಮದುವೆ ಆಗದೆ ಚರ್ಚಲ್ಲಿ ಮಾಡ್ಸೋ ಹಾಗೇ ಇಲ್ಲ, ಚರ್ಚಲ್ಲಿ ಮಾಡಿದ್ದು ಸರ್ಕಾರದ ಲೆಕ್ಕಕ್ಕೆ ಬರೋದೂ ಇಲ್ಲ.

ಪ್ರಶ್ನೆ: ಮಗ ಮಾಸ್ಟರ್ಸಿಗೆ ಹೋಗ್ತಿದಾನೆ. ಅಪ್ಲಿಕೇಶನ್ನಲ್ಲಿ ‘ಲೈಸೆನ್ಸ್’ ಇದೆಯಾ ಅಂತ ಕೇಳಿದಾರೆ, ಅವನ ಹತ್ರ ಟೂ ವೀಲರ್ ಲೈಸೆನ್ಸ್ ಮಾತ್ರ ಇರೋದು. ಜೊತೆಗೆ ‘ಬ್ಯಾಕ್ ಪ್ಲಸ್ 3’ ಅಂತ ಏನೋ ಇದೆ. ಇವನಿಗೆ ಒಂದೂ ಬ್ಯಾಕ್ ಇಲ್ಲ, ಎಲ್ಲಾ ಪಾಸು. (ತಾಯಿ, ಕುವೆಂಪುನಗರ)

ಓದಿ ಬಿದ್ದು ಬಿದ್ದು ನಕ್ಕೆ, ಆದ್ರೆ ತಪ್ಪು ನಿಮ್ಮದಲ್ಲ. ಅದು ‘ಲಿಸಾಂಸ್’, 3 ವರ್ಷದ ಡಿಗ್ರಿ, ನಮ್ಮ ಬಿಎಸ್ಸಿ ಬಿಕಾಂ ಥರ. ‘ಬಾಕ್’ ಅಂದ್ರೆ ಬಕಲೊರೆಯಾ, ನೆಪೋಲಿಯನ್ 1808ರಲ್ಲಿ ಶುರು ಮಾಡಿದ ಪರೀಕ್ಷೆ, ಸ್ಕೂಲ್ ಮುಗ್ಸೋವಾಗ ಬರೆಯೋದು. ಇಂಗ್ಲಿಷಿನವ್ರು ಅದನ್ನ ಬ್ಯಾಚುಲರ್ ಡಿಗ್ರಿ ಅಂತ ಓದ್ಕೊಂಡು ಕೆಡ್ತಾರೆ. ನಮಗೆ ಸುಲಭ, ಅದು ಸೆಕೆಂಡ್ ಪಿಯುಸಿ ಅಷ್ಟೇ. ಬಾಕ್ ಪ್ಲಸ್ 3 ಅಂದ್ರೆ ಪಿಯುಸಿ ಆದ್ಮೇಲೆ 3 ವರ್ಷ ಓದಿದೋನು, ಪ್ಲಸ್ 5 ಅಂದ್ರೆ ಮಾಸ್ಟರ್ಸ್ ಮುಗ್ಸಿದೋನು. ಅಲ್ಲಿ ಕೆಲಸದ ಜಾಹೀರಾತಲ್ಲೂ ಡಿಗ್ರಿ ಹೆಸರು ಹಾಕೋ ಬದ್ಲು ಈ ಲೆಕ್ಕಾನೇ ಹಾಕ್ತಾರೆ. ನಿಮ್ಮ ಮಗ ಬಿ.ಇ. ಆಗಿದ್ರೆ ಬಾಕ್ ಪ್ಲಸ್ 4.

ಇನ್ನೊಂದು ಹಳ್ಳ ಇದೆ, ‘ಕೊಲೆಜ್’. ಅದು ಕಾಲೇಜಲ್ಲ ಕಣಮ್ಮಾ, 11ರಿಂದ 15 ವರ್ಷದ ಮಕ್ಕಳ ಮಿಡ್ಲ್ ಸ್ಕೂಲು, ಅದಾದ್ಮೇಲೆ 3 ವರ್ಷ ‘ಲಿಸೆ’. ಕ್ಲಾಸುಗಳ ಲೆಕ್ಕ ಉಲ್ಟಾ. ನಮ್ಮ 6ನೇ ಕ್ಲಾಸೂ ಅವರ 6ನೇ ಕ್ಲಾಸೂ ಒಂದೇ ವಯಸ್ಸು, ಅಲ್ಲಿಂದ ನಾವು 7, 8, 9 ಅಂತ ಮೇಲೆ ಹತ್ತಿದ್ರೆ ಅವ್ರು 5, 4, 3 ಅಂತ ಇಳ್ಕೊಂಡು ಹೋಗ್ತಾರೆ, ನಮ್ಮ ಎಸ್ಸೆಸ್ಸೆಲ್ಸಿ ಹುಡುಗ ಅಲ್ಲಿ 2ನೇ ಕ್ಲಾಸು, ಫಸ್ಟ್ ಪಿಯುಸಿ 1ನೇ ಕ್ಲಾಸು, ಸೆಕೆಂಡ್ ಪಿಯುಸಿಗೆ ನಂಬರೇ ಮುಗ್ದೋಗಿ ‘ತೆರ್ಮಿನಾಲ್’ ಅಂತಾರೆ, ಕೊನೇ ಸ್ಟಾಪು. ಅಲ್ಲಿ ಜನರಲ್ ಓದೋ ಎಲ್ಲರಿಗೂ ತತ್ವಶಾಸ್ತ್ರ ಕಡ್ಡಾಯ, ಸೈನ್ಸ್ ಹುಡುಗ್ರೂ ಕೂತು 4 ಗಂಟೆ ಬರೀತಾರೆ.

ಒಂದ್ ಮಾತು ಮೊದಲೇ ಹೇಳ್ಬಿಡ್ತೀನಿ, ಅಲ್ಲಿ ಮಾರ್ಕ್ಸು 20ಕ್ಕೆ. 10 ಬಂದ್ರೆ ಪಾಸು, 12ಕ್ಕೆ ‘ಪರವಾಗಿಲ್ಲ ಚೆನ್ನಾಗಿದೆ’, 14ಕ್ಕೆ ‘ಚೆನ್ನಾಗಿದೆ’, 16 ದಾಟಿದ್ರೆ ‘ತುಂಬಾ ಚೆನ್ನಾಗಿದೆ’ ಅಂತ ಬರೆದುಕೊಡ್ತಾರೆ. 20 ಕೊಡೋಕೆ ಮೇಷ್ಟ್ರುಗಳಿಗೆ ಕೈ ಬರಲ್ಲ. ನನ್ನ ಹತ್ರ ಫ್ರೆಂಚ್ ಕಲ್ತು ಹೋದ ಹುಡುಗಿಗೆ ಮೊದಲ ಸೆಮಿಸ್ಟರಲ್ಲಿ 13.5 ಬಂತು, ಅವರಪ್ಪ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ಡಿಸ್ಟಿಂಕ್ಷನ್ನಿಂದ ಫಸ್ಟ್ ಕ್ಲಾಸಿಗೆ ಇಳಿದ್ಬಿಟ್ಲು ಮೇಡಂ, ಊಟಾನೇ ಸೇರ್ತಿಲ್ಲ’ ಅಂತ, ಕ್ಲಾಸಿಗೇ ಎರಡನೇ ರ‍್ಯಾಂಕು ಅವಳು! ಶೇಕಡಾ ಲೆಕ್ಕ ಹಾಕಿ ಮಗೂನ ಬೈಬೇಡಿ.

ಪ್ರಶ್ನೆ: ಅಣ್ಣನ ಮಗಳು ‘ಪ್ರಿಫೆಕ್ಚರ್ ಹೋಗ್ಬೇಕು, ರೆಂಡೆವೂ ಸಿಗ್ತಿಲ್ಲ’ ಅಂತ ಅಳ್ತಾಳೆ. ಸ್ಕೂಲ್ ಪ್ರಿಫೆಕ್ಟ್ ಗೊತ್ತು, ಇದ್ಯಾವುದು? ರೆಂಡೆವೂ ಅಂದ್ರೆ ಲವ್ ಮ್ಯಾಟ್ರು ಅಲ್ವಾ? (ಮಂಡ್ಯದ ಒಬ್ಬ ಚಿಕ್ಕಪ್ಪ)

ಗಾಬರಿ ಆಗ್ಬೇಡಿ ಸಾರ್. ಇಂಗ್ಲಿಷಿಗೆ ಹೋದಾಗ ಆ ಪದಕ್ಕೆ ಗುಟ್ಟಿನ ವಾಸನೆ ಹತ್ಕೊಂಡ್ತು, ಅಲ್ಲಿ ‘ರಾಂದೆವೂ’ ಅಂದ್ರೆ ಬರೀ ಅಪಾಯಿಂಟ್‌ಮೆಂಟು, ಹಲ್ಲಿನ ಡಾಕ್ಟ್ರ ಹತ್ರಾನೂ ರಾಂದೆವೂನೇ. ಹಾಗೇ ‘ದೊಸಿಯೆ’ ಅಂದ್ರೆ ಗೂಢಚಾರರ ಕಡತ ಅಲ್ಲ, ಸಾದಾ ಫೈಲು. ಪ್ರೆಫೆಕ್ತ್ಯೂರ್ ಅಂದ್ರೆ ಡಿಸಿ ಆಫೀಸು, ‘ಪ್ರೆಫೆ’ ಅಂದ್ರೆ ಡಿಸಿ ಸಾಹೇಬ್ರು. ವಿದೇಶೀಯರ ವಾಸದ ಕಾರ್ಡು ಅಲ್ಲಿಂದಾನೇ ಬರೋದು, ಅದಕ್ಕೇ ಅವಳು ಅಳ್ತಿರೋದು. ಮೊದಲ ವರ್ಷ ಸ್ಟೂಡೆಂಟ್ ವೀಸಾನ ಅಲ್ಲಿಗೆ ಹೋಗಿ ಇಳಿದ ಮೂರು ತಿಂಗಳೊಳಗೆ ಆನ್‌ಲೈನಲ್ಲಿ ವ್ಯಾಲಿಡೇಟ್ ಮಾಡಿದ್ರೆ ಸಾಕು, ರಗಳೆ ಶುರುವಾಗೋದು ರಿನ್ಯೂವಲ್ಲಿಗೆ. ನಾನಿದ್ದಾಗ ಕತ್ತಲಲ್ಲಿ ಎದ್ದು ಚಳೀಲಿ ಕ್ಯೂ ನಿಂತು, ಕೌಂಟರ್ ಹತ್ರ ಬಂದಾಗ ಕರೆಂಟ್ ಬಿಲ್ಲಿನ ಜೆರಾಕ್ಸ್ ಇಲ್ಲ ಅಂತ ವಾಪಸ್ ಕಳ್ಸಿದ್ರು. ಆ ಗಳಿಗೆ ನನಗೆ ಊರು ನೆನಪಾಗಿ ಕಣ್ಣಲ್ಲಿ ನೀರೇ ಬಂತು, ದುಃಖಕ್ಕಲ್ಲ, ಇಲ್ಲೂ ಇದೇನಾ ಅಂತ!

ಪ್ರೆಫೆ ಹುದ್ದೆಯನ್ನ ನೆಪೋಲಿಯನ್ 1800ರಲ್ಲಿ ಮಾಡಿದ್ದು. ಚುನಾವಣೆ ಇಲ್ಲ, ಪ್ಯಾರಿಸಿಂದ ನೇಮಕ, ಯೂನಿಫಾರ್ಮು ಬೇರೆ ಇದೆ, ಓಕ್ ಎಲೆ ಆಲಿವ್ ಎಲೆ ಕಸೂತಿ ಹಾಕಿದ್ದು. ಅವರ ಕೆಳಗೆ ‘ಸೂ ಪ್ರೆಫೆ’, ನಮ್ಮ ಎಸಿ ಥರ. ಪ್ರೆಫೆ ಆಳೋದು ‘ದೆಪಾರ್ತ್‌ಮಾಂ’ ಅನ್ನೋ ಜಿಲ್ಲೆಯನ್ನ, ಡಿಪಾರ್ಟ್‌ಮೆಂಟು ಅಂತ ಓದಿದ್ರೆ ಅನರ್ಥ. ಕ್ರಾಂತಿ ಆದ್ಮೇಲೆ 1790ರಲ್ಲಿ ಹಳೇ ಪ್ರಾಂತ್ಯಗಳನ್ನೆಲ್ಲ ಅಳಿಸಿ ಹೊಸದಾಗಿ 83 ಮಾಡಿದ್ರು, ಹಳೇ ಅಭಿಮಾನ ಉಳೀಬಾರದು ಅಂತ ನದಿ ಬೆಟ್ಟಗಳ ಹೆಸರಿಟ್ರು. ಯಾವ ಮೂಲೆಯಿಂದ ಹೊರಟ್ರೂ ಕುದುರೆ ಮೇಲೆ ಒಂದ್ ದಿನದಲ್ಲಿ ಜಿಲ್ಲಾ ಕೇಂದ್ರ ಸೇರ್ಬೇಕು ಅನ್ನೋದು ಅಳತೆಯ ಲೆಕ್ಕ. ನಿಮ್ಮ ಮಂಡ್ಯಾನ ಮೈಸೂರಿಂದ 1939ರಲ್ಲಿ ಬೇರೆ ಮಾಡಿದ್ರಲ್ಲ, ಅದಕ್ಕೂ ಒಂದೂವರೆ ಶತಮಾನ ಮುಂಚೆ ಇಡೀ ದೇಶಾನ ಹಾಗೆ ಕತ್ತರಿಸಿ ಹಾಕಿದ್ರು. ಈಗ 101 ಇದಾವೆ.

ಮಂಡ್ಯದವ್ರಿಗೆ ಇಷ್ಟ ಆಗೋದು ಈ ವಿಷಯ, ಪ್ರತಿ ಜಿಲ್ಲೆಗೂ ನಂಬರು, ಗಾಡಿ ಪ್ಲೇಟಲ್ಲೂ ಅದೇ. ನಮಗೆ ಕೆಎ 11 ಅಂದ್ರೆ ಮಂಡ್ಯ, 09 ಅಂದ್ರೆ ಮೈಸೂರು ಹೇಗೋ ಹಾಗೆ ಅವರಿಗೆ 75 ಪ್ಯಾರಿಸು, 69 ಲಿಯೋನ್ ಇರೋ ರೋನ್ ಜಿಲ್ಲೆ. 2009ರ ಹೊಸ ಪ್ಲೇಟಲ್ಲಿ ನಿಮಗೆ ಬೇಕಾದ ಜಿಲ್ಲೆ ನಂಬರು ಹಾಕ್ಕೋಬಹುದು, ವಾಸ ಅಲ್ಲೇ ಇರ್ಬೇಕು ಅಂತಿಲ್ಲ. ಈ ರೂಲು ಇಲ್ಲಿ ಬಂದ್ರೆ ಬೆಂಗಳೂರಿನ ಅರ್ಧ ಗಾಡಿಗಳ ಮೇಲೆ 11 ಕಾಣತ್ತೆ, ಬರ್ಕೊಡ್ತೀನಿ.

ಪ್ರಶ್ನೆ: ನಮ್ಮ ಭಾವ ನೋಟರಿ. ಫ್ರಾನ್ಸಲ್ಲೂ ಪ್ರಾಕ್ಟೀಸ್ ಮಾಡಬಹುದಾ? (ಶ್ರೀರಂಗಪಟ್ಟಣ)

ಆಗಲ್ಲ. ಕೋರ್ಟ್ ಮುಂದೆ ಮರದ ಕೆಳಗೆ ಅಫಿಡವಿಟ್ಟಿಗೆ ಸೀಲು ಒತ್ತೋ ಕೆಲಸ ಅಲ್ಲ ‘ನೊತೇರ್’ದು. ಮನೆ ಜಮೀನು ಕೊಳ್ಳೋ ಪತ್ರ, ವಿಲ್ಲು, ಆಸ್ತಿ ಪಾಲು ಎಲ್ಲಾ ಅವರ ಕೈಯಲ್ಲಿ, ಸರ್ಕಾರ ನೇಮಿಸಿದ ಅಧಿಕಾರಿ, ಸರ್ಕಾರದ ಪರವಾಗಿ ತೆರಿಗೇನೂ ವಸೂಲಿ ಮಾಡ್ತಾರೆ. ಸಬ್ ರಿಜಿಸ್ಟ್ರಾರು, ಪತ್ರ ಬರಹಗಾರರು, ಮನೆತನದ ವಕೀಲರು ಮೂವರನ್ನೂ ಸೇರ್ಸಿ ಒಬ್ಬರನ್ನ ಮಾಡಿದ್ರೆ ಎಷ್ಟಾಗ್ತಾರೋ ಅಷ್ಟು.

ಪ್ರಶ್ನೆ: ಅವ್ರ ‘ಲೈಸಿಟಿ’ ಮತ್ತೆ ನಮ್ಮ ಜಾತ್ಯತೀತ ಎರಡೂ ಒಂದೇ ಅಂತ ನಮ್ಮ ಲೆಕ್ಚರರ್ ಹೇಳಿದ್ರು. ಹೌದಾ? (ಬಿಎ ವಿದ್ಯಾರ್ಥಿ, ಮಹಾರಾಜ ಕಾಲೇಜು ರಸ್ತೆ)

‘ಲಾಯಿಸಿತೆ’ ಅಂತ ಓದಪ್ಪ. ಎರಡೂ ಅಣ್ಣತಮ್ಮ ಇರಬಹುದು, ಒಂದೇ ಅಲ್ಲ. ಇದನ್ನ ದಸರಾದಿಂದ ಹೇಳ್ತೀನಿ ಕೇಳು. ಜಂಬೂ ಸವಾರಿ ದಿನ ಮುಖ್ಯಮಂತ್ರಿಗಳು ಚಿನ್ನದ ಅಂಬಾರಿಯಲ್ಲಿರೋ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಮಾಡ್ತಾರೆ, ಖರ್ಚು ಸರ್ಕಾರದ್ದು, ನಮಗ್ಯಾರಿಗೂ ವಿಚಿತ್ರ ಅನ್ಸಲ್ಲ. ದೇವಸ್ಥಾನ ನೋಡ್ಕೊಳ್ಳಕ್ಕೆ ಮುಜರಾಯಿ ಇಲಾಖೆ ಅಂತಾನೇ ಇದೆ. ಒಂದು ಸಲ ಫ್ರಾನ್ಸಿಂದ ಬಂದ ಮೇಡಮ್ಮೊಬ್ರಿಗೆ ಇದನ್ನ ವಿವರಿಸ್ತಿದ್ದೆ, ‘ದೇವಸ್ಥಾನಕ್ಕೆ ಮಂತ್ರಿ ಇದಾರಾ’ ಅಂತ ಮೂರು ಸಲ ಕೇಳಿದ್ರು. ನಮ್ಮ ಸರ್ಕಾರ ಎಲ್ಲಾ ಮನೆ ಹಬ್ಬಕ್ಕೂ ಹೋಗಿ ಊಟ ಮಾಡ್ಕೊಂಡು ಬರೋ ನೆಂಟ. ಅವರ ಸರ್ಕಾರ ಯಾರ ಮನೆ ಹಬ್ಬಕ್ಕೂ ಹೋಗಲ್ಲ, ಮುಯ್ಯೀನೂ ಹಾಕಲ್ಲ.

ಇದರ ಬೇರು 1905ರ ಡಿಸೆಂಬರ್ 9ರ ಕಾನೂನು. ಅಲ್ಲೀವರೆಗೆ ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡ್ತಿತ್ತು, ಚರ್ಚು ಸ್ಕೂಲುಗಳ ಮೇಲೂ ರಾಜಕೀಯದ ಮೇಲೂ ಕೈ ಇಟ್ಟಿತ್ತು, ನೂರು ವರ್ಷದ ಜಗಳ ಆಗಿ ಕೊನೆಗೆ ಬೇರೆ ಬೇರೆ ಸಂಸಾರ ಹೂಡಿದ್ರು. ರಾಜ್ಯ ಯಾವ ಧರ್ಮವನ್ನೂ ಮಾನ್ಯ ಮಾಡಲ್ಲ, ಯಾವುದಕ್ಕೂ ಸಂಬಳ ಕೊಡಲ್ಲ, ಆದ್ರೆ ಜನ ಅವರವರ ಪೂಜೆ ಮಾಡ್ಕೊಳ್ಳೋ ಸ್ವಾತಂತ್ರ್ಯ ಇರತ್ತೆ. 2004ರಲ್ಲಿ ಸರ್ಕಾರಿ ಸ್ಕೂಲ್ ಮಕ್ಕಳು ಎದ್ದು ಕಾಣೋ ಧಾರ್ಮಿಕ ಗುರುತು ಹಾಕ್ಕೊಂಡು ಬರೋ ಹಾಗಿಲ್ಲ ಅಂತ ಇನ್ನೊಂದು ಕಾನೂನು ಬಂತು, ಆ ಜಗಳ ಇನ್ನೂ ನಡೀತಾ ಇದೆ. ಕೆಲವರಿಗೆ ಇದು ಸಮಾನತೆ, ಕೆಲವರಿಗೆ ತಮ್ಮ ಮೇಲೇ ಬೊಟ್ಟು ಮಾಡಿದ ಹಾಗೆ.

ಆದ್ರೆ ಇಷ್ಟೆಲ್ಲ ಆದ್ಮೇಲೂ ಎಳೆ ಪೂರ್ತಿ ಕಡಿದಿಲ್ಲ, ನನಗೆ ಮಜಾ ಅನ್ಸೋದು ಅದೇ. 1905ಕ್ಕಿಂತ ಹಳೇ ಚರ್ಚು ಕಟ್ಟಡಗಳ ಮಾಲೀಕರು ಯಾರು ಗೊತ್ತಾ, ಆಗ್ಲೇ ಹೇಳಿದ್ನಲ್ಲ ಕೊಮ್ಯೂನು, ಅವೇ. ಚಾವಣಿ ಸೋರಿದ್ರೆ ಪಂಚಾಯ್ತಿ ರಿಪೇರಿ ಮಾಡ್ಸಬೇಕು! ದೊಡ್ಡ ಕೆಥೆಡ್ರಲ್ಲುಗಳು ಸರ್ಕಾರದ್ದು. ವರ್ಷದ 11 ಸರ್ಕಾರಿ ರಜೆಯಲ್ಲಿ 6 ಕ್ರಿಶ್ಚಿಯನ್ ಹಬ್ಬಗಳು. ಇನ್ನು ಜರ್ಮನಿ ಗಡಿಯ ಅಲ್ಸಾಸ್ ಮೊಸೆಲ್ ಕಡೆ 1905ರ ಕಾನೂನೇ ನಡೆಯಲ್ಲ, ಯಾಕಂದ್ರೆ ಆಗ ಆ ಭಾಗ ಜರ್ಮನಿ ಕೈಲಿತ್ತು, ವಾಪಸ್ ಬಂದ್ಮೇಲೂ ಹಳೇ ಪದ್ಧತಿಯೇ ಮುಂದುವರೀತು, ಅಲ್ಲಿ ಇವತ್ತಿಗೂ ಪಾದ್ರಿಗಳಿಗೆ ಸರ್ಕಾರಿ ಸಂಬಳ. ಇದನ್ನ ನಿಮ್ಮ ಲೆಕ್ಚರರಿಗೆ ಮೆಲ್ಲಗೆ ಹೇಳು, ಇಂಟರ್ನಲ್ ಮಾರ್ಕ್ಸು ಅವರ ಕೈಲಿದೆ.

ಪ್ರಶ್ನೆ: ತು ಅನ್ನಬೇಕಾ ವೂ ಅನ್ನಬೇಕಾ? (ಮೂರು ಜನ ಕೇಳಿದ್ದೀರಿ)

ಇಂಗ್ಲಿಷ್ ಮಾತ್ರ ಗೊತ್ತಿರೋರಿಗೆ ಇದಕ್ಕೆ ಪುಟಗಟ್ಟಲೆ ಹೇಳ್ಬೇಕು. ನಿಮಗೆ ಒಂದೇ ಪದ, ಏಕವಚನ. ತು ಅಂದ್ರೆ ನೀನು, ವೂ ಅಂದ್ರೆ ನೀವು. ‘ಅವನು ನನ್ನ ಏಕವಚನದಲ್ಲಿ ಮಾತಾಡಿಸ್ದ’ ಅಂದ್ರೆ ಎಷ್ಟು ಸಿಟ್ಟು ಬರ್ಬೇಕು ಅಂತ ಕನ್ನಡದವ್ರಿಗೆ ಹೇಳ್ಕೊಡ್ಬೇಕಾ. ಅಂಗಡಿಯೋರಿಗೆ, ಮೇಷ್ಟ್ರಿಗೆ, ಗೊತ್ತಿಲ್ಲದೋರಿಗೆ ವೂ. ಮನೆಯವ್ರಿಗೆ, ಗೆಳೆಯರಿಗೆ, ಮಕ್ಕಳಿಗೆ ತು. ಮೈಸೂರಿನ ‘ಏನ್ರೀ’ ವೂ ಆದ್ರೆ ಮಂಡ್ಯದ ‘ಏನ್ಲಾ’ ತು, ಆದ್ರೆ ಆ ‘ಲಾ’ದೊಳಗಿರೋ ಪ್ರೀತಿ ತು ಒಂದಕ್ಕೇ ಬರಲ್ಲ, ಅದು ಬೇರೆ ಮಾತು. ನಮಗಿಂತ ಒಂದು ವ್ಯತ್ಯಾಸ, ಅಲ್ಲಿ ಅಪ್ಪಂಗೂ ತು ಅಂತಾರೆ, ಮತ್ತೆ ಆಫೀಸಲ್ಲಿ ಪರಿಚಯ ಬೆಳೆದ್ಮೇಲೆ ‘ಇನ್ಮೇಲೆ ತು ಅನ್ನೋಣ್ವಾ’ ಅಂತ ಬಾಯ್ಬಿಟ್ಟು ಕೇಳ್ತಾರೆ, ಆ ಮಾತನ್ನ ದೊಡ್ಡವ್ರೇ ಎತ್ತಬೇಕು. ದೇವರನ್ನ? ಕ್ಯಾಥೋಲಿಕ್ಕರು 1966ರವರೆಗೆ ಪರಲೋಕದ ತಂದೆಗೆ ವೂ ಅಂತಿದ್ರು, ಆಮೇಲೆ ತು ಮಾಡ್ಕೊಂಡ್ರು. ನಾವು ಚಾಮುಂಡಿಗೆ ಯಾವತ್ತು ನೀವು ಅಂದಿದೀವಿ ಹೇಳಿ.

ಪ್ರಶ್ನೆ: ನಮ್ಮ ತಾತ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಅಂತಿದ್ರು. ಅದ್ಯಾಕೆ? ಗಂಜಾಮಿನ ಚರ್ಚ್ ಕಟ್ಟಿಸಿದ ಅಬ್ಬೆ ಅಂದ್ರೆ ಏನು? (ಪಾಂಡವಪುರ)

ಹಿರೋಡೆ ಅಂತ ಅದರ ಹಳೇ ಹೆಸರು. ಹೈದರ್, ಟಿಪು ಕಾಲದಲ್ಲಿ ಅವರ ಕೈಕೆಳಗಿದ್ದ ಫ್ರೆಂಚ್ ಸೈನಿಕರು ಆ ಬಂಡೆಗಳ ಹತ್ರ ಡೇರೆ ಹಾಕ್ಕೊಂಡಿದ್ರು, ಬ್ರಿಟಿಷರ ನಕ್ಷೆಗಳಲ್ಲಿ ಅದೇ ಹೆಸರಾಗಿ ಉಳೀತು. ಟಿಪು ಕಳ್ಸಿದ ಮೂವರು ರಾಯಭಾರಿಗಳು 1788ರಲ್ಲಿ ರಾಜ 16ನೇ ಲೂಯಿ ಹತ್ರ ವರ್ಸೈಗೆ ಹೋಗಿದ್ರು, ಸ್ವಾಗತ ಜೋರಾಗಿತ್ತು, ಸೈನ್ಯದ ಸಹಾಯ ಮಾತ್ರ ಸಿಗ್ಲಿಲ್ಲ. ಮಾರನೇ ವರ್ಷ ಅಲ್ಲಿ ಕ್ರಾಂತಿಯೇ ಆಗೋಯ್ತು, ಮುಂದೆ ‘ಮೊಸ್ಯೂ’, ಅಂದ್ರೆ ಸಾಹೇಬ್ರೇ, ಅಂತ ಕರೆಯೋದು ಬಿಟ್ಟು ಎಲ್ಲರನ್ನೂ ‘ಸಿತ್ವಾಯೆನ್’, ಅಂದ್ರೆ ನಾಗರಿಕ, ಅಂತ ಕರೆಯಕ್ಕೆ ಶುರು ಮಾಡಿದ್ರು.

ಅಬ್ಬೆ ವಿಷಯ ಚೆನ್ನಾಗಿದೆ. ಹಳಗನ್ನಡದಲ್ಲಿ ಅಬ್ಬೆ ಅಂದ್ರೆ ತಾಯಿ, ಫ್ರೆಂಚಿನ ಅಬ್ಬೆ ಬಂದಿರೋದು ‘ಅಬ್ಬಾ’ ಅನ್ನೋ ಅರಮಾಯಿಕ್ ಪದದಿಂದ, ಅದಕ್ಕೆ ತಂದೆ ಅಂತ ಅರ್ಥ! ಇಂಗ್ಲಿಷಿನ ಅಬಟ್ ಅನ್ನೋದೂ ಅದೇ ಬೇರಿನದು, ಆದ್ರೆ ಅಬಟ್ ಅಂದ್ರೆ ಮಠಾಧಿಪತಿ, 18ನೇ ಶತಮಾನದ ಫ್ರೆಂಚಲ್ಲಿ ಅಬ್ಬೆ ಅಂದ್ರೆ ಯಾವ ಪಾದ್ರಿಯಾದ್ರೂ ಸರಿ, ನಮ್ಮಲ್ಲಿ ‘ಸ್ವಾಮಿಗಳು’ ಅಂತೀವಲ್ಲ ಹಾಗೆ. ಗಂಜಾಮಿನ ಅಬ್ಬೆ ದ್ಯುಬ್ವಾ ಅವರು 1792ರಲ್ಲಿ ಇಂಡಿಯಾಕ್ಕೆ ಬಂದು 1823ರಲ್ಲಿ ವಾಪಸ್ ಹೋದ್ರು, ಇಲ್ಲಿನವರ ಹಾಗೇ ಬಟ್ಟೆ ತೊಟ್ಟು ಊಟ ಮಾಡಿ ಇದ್ದು, ಸಿಡುಬಿನ ಲಸಿಕೆ ಹಾಕ್ಸಿದ್ರು. ನಮ್ಮ ಜನರ ಆಚಾರ ವಿಚಾರದ ಮೇಲೆ ಅವರು ಬರೆದಿಟ್ಟಿದ್ದು 1816ರಲ್ಲಿ ಇಂಗ್ಲಿಷಲ್ಲಿ ಬಂತು. ಅದರಲ್ಲಿ ಕೆಲವು ಮಾತು ಓದಿದ್ರೆ ಮೈ ಉರಿಯತ್ತೆ, ಕೆಲವು ಓದಿದ್ರೆ ಈ ಮನುಷ್ಯ ನಮ್ಮಜ್ಜಿ ಅಡುಗೆಮನೆ ಹತ್ರಾನೇ ಕೂತು ಬರ್ದಿದಾನೆ ಅನ್ಸತ್ತೆ.

ಪ್ರಶ್ನೆ: ಟೆರ್ರೋಯರ್ ಅನ್ನೋ ಪದಕ್ಕೆ ಇಂಗ್ಲಿಷಲ್ಲೂ ಸರಿಯಾದ ಪದ ಇಲ್ವಂತೆ? (ಕೃಷಿ ಪದವೀಧರ, ನಂಜನಗೂಡು)

ಇಂಗ್ಲಿಷಲ್ಲಿ ಇಲ್ಲ, ಕನ್ನಡದಲ್ಲಿ ಇದೆ. ‘ಮಣ್ಣಿನ ಗುಣ’. ತೆರ್ವಾರ್ ಅಂದ್ರೆ ಅದೇ, ಮಣ್ಣು ನೀರು ಗಾಳಿ ಇಳಿಜಾರು, ಬೆಳೆಯೋರ ಕೈಗುಣ ಎಲ್ಲಾ ಸೇರಿ ಬರೋ ರುಚಿ. ನಂಜನಗೂಡಲ್ಲಿದ್ದು ಇದನ್ನ ಕೇಳ್ತೀರಲ್ಲ! ರಸಬಾಳೆ ಗಿಡದ ಕಂದನ್ನ ತಗೊಂಡು ಹೋಗಿ ಬೇರೆ ಕಡೆ ನೆಟ್ರೆ ಹಣ್ಣು ಬರತ್ತೆ, ಆ ಕಪ್ಪು ಎರೆ ಮಣ್ಣಿನ ಘಮ ಬರಲ್ಲ. ನಾವು ಇದಕ್ಕೆ ಜಿಐ ಟ್ಯಾಗ್ ಕೊಟ್ಟಿದ್ದು ಈಚೆಗೆ, ಅವರು 1935ರಲ್ಲೇ ಎಓಸಿ ಅನ್ನೋ ಮುದ್ರೆಗೆ ಕಾನೂನು ಮಾಡಿದ್ರು. ಶಾಂಪೇನ್ ಅನ್ನೋದು ಆ ಹೆಸರಿನ ಸೀಮೆಯದ್ದೇ ಆಗಿರ್ಬೇಕು, ಪಕ್ಕದ ಸೀಮೆಯಲ್ಲಿ ಅದೇ ದ್ರಾಕ್ಷಿಯಿಂದ ಅದೇ ಥರ ಮಾಡಿದ್ರೂ ಆ ಹೆಸರು ಇಡೋ ಹಾಗಿಲ್ಲ. ರೋಕ್ಫೋರ್ ಅಂತ ಒಂದು ಚೀಸು, ಕುರಿ ಹಾಲಿಂದು, ಅದೇ ಊರಿನ ಬೆಟ್ಟದ ಗವಿಯಲ್ಲಿ ನೀಲಿ ಬೂಷ್ಟು ಹಿಡಿಸಿ ಮಾಗಿಸ್ಬೇಕು, 1411ರಲ್ಲೇ ರಾಜ ಆ ಊರಿನವ್ರಿಗೆ ಹಕ್ಕು ಬರ್ದುಕೊಟ್ಟಿದ್ದ. ಮೊದಲ ಸಲ ಬಾಯಿಗಿಟ್ಟಾಗ ನಾನು ಉಗಿದೆ, ಮೂರನೇ ಸಲ ಕೇಳಿ ಹಾಕ್ಸಿಕೊಂಡೆ. ಆದ್ರೆ ಹೆಸರಿಗೆ ಮುದ್ರೆ ಬಿದ್ರೆ ಬೆಳೆ ಉಳೀತು ಅಂತಲ್ಲ, ರಸಬಾಳೆಗೆ ಬಡಿದಿರೋ ಪನಾಮಾ ಸೊರಗು ರೋಗದ ಮುಂದೆ ಟ್ಯಾಗ್ ಏನ್ ಮಾಡತ್ತೆ. ಅದನ್ನ ನೀವೇ ನನಗಿಂತ ಚೆನ್ನಾಗಿ ಬರೀತೀರ, ಬರೀರಿ.

ಪ್ರಶ್ನೆ: ಕೆಎಎಸ್‌ಗೆ ಓದ್ತಿದೀನಿ. ಫ್ರಾನ್ಸಲ್ಲಿ ಐಎಎಸ್ ಥರ ಇದೆಯಾ? ‘ಗ್ರ್ಯಾಂಡ್ ಸ್ಕೂಲ್’ ಅಂದ್ರೆ ಪ್ರೈವೇಟ್ ಸ್ಕೂಲಾ? (ಮಳವಳ್ಳಿ)

‘ಗ್ರಾಂದ್ ಎಕೋಲ್’, ಯೂನಿವರ್ಸಿಟಿಗಿಂತ ಒಂದ್ ಕೈ ಮೇಲೆ ಅಂತ ಅಲ್ಲಿ ನಂಬಿರೋ ಸಂಸ್ಥೆಗಳು. ಬಾಕ್ ಆದ್ಮೇಲೆ 2 ವರ್ಷ ‘ಪ್ರೆಪಾ’ ಅಂತ ಕೋಚಿಂಗು, ಗಣಿತದ ಪ್ರೆಪಾಗೆ ‘ತೋಪ್’ ಅಂತ ಅಡ್ಡಹೆಸರು, ಮಣ್ಣೊಳಗೇ ಇರೋ ಮೋಲ್ ಅನ್ನೋ ಪ್ರಾಣಿ, ಬಿಸಿಲು ಕಾಣದೆ ಓದ್ತಾರೆ ಅಂತ. ಆಮೇಲೆ ‘ಕೊಂಕೂರ್’. ಇದನ್ನ ಎಕ್ಸಾಮ್ ಅಂತ ಇಂಗ್ಲಿಷಿಗೆ ತಿರುಗಿಸ್ತಾರೆ, ಸಾಲ್ದು. ಪಾಸು ಫೇಲು ಇಲ್ಲ, ಇಷ್ಟು ಸೀಟು, ಇಷ್ಟು ರ‍್ಯಾಂಕು, ನಿನಗೆ ಇದನ್ನ ನಾನು ಹೇಳ್ಬೇಕಾ. 1794ರ ಎಕೋಲ್ ಪೊಲಿತೆಕ್ನಿಕ್ ಇವುಗಳಲ್ಲಿ ದೊಡ್ಡ ಹೆಸರು, ನಮ್ಮ ಪಾಲಿಟೆಕ್ನಿಕ್ ಡಿಪ್ಲೊಮಾ ಅನ್ಕೊಂಡು ಕೆಟ್ಟೀಯ, ಅದು ರಕ್ಷಣಾ ಇಲಾಖೆ ಕೆಳಗಿರೋದು, ಹುಡುಗ್ರಿಗೆ ಸಂಬಳ ಕೊಟ್ಟು ಓದಿಸ್ತಾರೆ, ಜುಲೈ 14ರ ರಾಷ್ಟ್ರೀಯ ಹಬ್ಬದ ಪೆರೇಡಲ್ಲಿ ಎರಡು ಕೊಂಬಿನ ಕರಿ ಟೋಪಿ ಹಾಕ್ಕೊಂಡು ನಡೀತಾರೆ.

ಐಎಎಸ್‌ಗೆ ಹತ್ರ ಬರ್ತಿದ್ದದ್ದು ‘ಎನಾ’, 1945ರಲ್ಲಿ ದ ಗೋಲ್ ಸರ್ಕಾರದ ಕಾಲದಲ್ಲಿ ಶುರುವಾದ ಆಡಳಿತ ಶಾಲೆ. ಅಲ್ಲಿ ಓದಿದೋರಿಗೆ ‘ಎನಾರ್ಕ್’ ಅಂತಾರೆ, ಹೊಗಳಿಕೆಯಲ್ಲಿ ಅಲ್ಲ. ಜಿಸ್ಕಾರ್, ಶಿರಾಕ್, ಒಲಾಂದ್, ಮ್ಯಾಕ್ರೋನ್ ಈ ನಾಲ್ಕು ಅಧ್ಯಕ್ಷರೂ ಅಲ್ಲಿಯವ್ರೇ. ಒಂದೇ ಹಿತ್ತಲಿನ ಗಿಡಗಳು ದೇಶ ಆಳ್ತಿವೆ ಅಂತ ಜನ ಸಿಡಿಮಿಡಿ ಆಗಿ, ಕೊನೆಗೆ ಎನಾರ್ಕ್ ಆದ ಮ್ಯಾಕ್ರೋನೇ ಅದನ್ನ ಮುಚ್ಚಿಸಿ 2022ರಿಂದ ಬೇರೆ ಹೆಸರಿನ ಸಂಸ್ಥೆ ತಂದ್ರು. ಸರ್ಕಾರಿ ಹುದ್ದೆ ಬಿಟ್ಟು ದೊಡ್ಡ ಸಂಬಳಕ್ಕೆ ಕಂಪನಿಗೆ ಹಾರೋದಕ್ಕೆ ‘ಪಾಂತುಫ್ಲಾಜ್’ ಅಂತ ಪದ ಇದೆ, ಪಾಂತುಫ್ಲ್ ಅಂದ್ರೆ ಮನೇಲಿ ಹಾಕ್ಕೊಳ್ಳೋ ಮೆತ್ತನೆ ಚಪ್ಲಿ. ನೀನು ಮೊದಲು ಪ್ರಿಲಿಮ್ಸ್ ಪಾಸ್ ಮಾಡು, ಚಪ್ಲಿ ಆಮೇಲೆ ನೋಡೋಣ.

ಪ್ರಶ್ನೆ: ಪ್ಯಾರಿಸ್ ಹೋಟ್ಲಲ್ಲಿ ಮೆನು ಕೇಳಿದ್ರೆ ಊಟಾನೇ ತಂದಿಟ್ರು. ಬಿಲ್ಲೂ ಬಂತು. ಮೋಸ ತಾನೇ? (ಜಯಲಕ್ಷ್ಮೀಪುರಂ)

ಅಯ್ಯೋ ಇಲ್ಲ, ನೀವೇ ಆರ್ಡರ್ ಮಾಡಿದೀರಿ. ಅಲ್ಲಿ ‘ಮೆನ್ಯೂ’ ಅಂದ್ರೆ ನಮ್ಮ ‘ಮೀಲ್ಸ್’, ಒಂದೇ ರೇಟಿಗೆ ಮೊದಲಿಂದ ಕೊನೆವರೆಗೆ ಸೆಟ್ಟು. ತಿಂಡಿಪಟ್ಟಿ ಬೇಕಿದ್ರೆ ‘ಕಾರ್ತ್’ ಕೇಳ್ಬೇಕು. ಆಂತ್ರೆ ಅಂದ್ರೆ ಒಳಗ್ ಬರೋದು, ಊಟದ ಮೊದಲ ಸಣ್ಣ ತಟ್ಟೆ, ಅಮೆರಿಕದವ್ರು ಅದನ್ನೇ ಮುಖ್ಯ ಊಟ ಮಾಡ್ಕೊಂಡಿದಾರೆ, ಅವರ ಮಾತು ಕೇಳ್ಬೇಡಿ. ನೀರು ಅಂತಷ್ಟೇ ಅಂದ್ರೆ ಬಾಟ್ಲಿ ಬರತ್ತೆ, ದುಡ್ಡು. ‘ಉನ್ ಕರಾಫ್ ದೋ’ ಅನ್ನಿ, ಜಗ್ಗಲ್ಲಿ ನಲ್ಲಿ ನೀರು ಬರತ್ತೆ, ಬಿಟ್ಟಿ. ನಮ್ಮ ಕಡೆ ಹೋಟ್ಲಲ್ಲಿ ಕೂರೋಕ್ ಮುಂಚೆ ನಾಲ್ಕು ಲೋಟಕ್ಕೂ ಬೆರಳದ್ದಿ ತಂದು ಕುಟ್ಟಿ ಇಡ್ತಾರಲ್ಲ, ಹಾಗೆ ತಾನಾಗೇ ಬರಲ್ಲ.